ಶಾಸನದ ವಿಳಾಸ: ಹಳೆ ಮನೆ ಕೆಡವುವ ಮುಂಚೆ ಯಾರು ಬಂದು ನೋಡಬೇಕು?

ಶಾಸನ ಸಂಪುಟ ಬಗಲಲ್ಲಿಟ್ಟುಕೊಂಡು ಊರೂರು ತಿರುಗುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಪುಸ್ತಕದಲ್ಲಿ ಪಾಠ ಇದೆ, ತೇದಿ ಇದೆ, ರಾಜನ ಹೆಸರೂ ಇದೆ. ಕಲ್ಲು ಎಲ್ಲಿದೆ ಎಂದು ನೋಡಿದರೆ, ಇಂಥವರ ಮನೆ ಮುಂದೆ ನೆಟ್ಟ ಕಲ್ಲು, ಊರಬಾಗಿಲ ಹತ್ತಿರ ಬಿದ್ದ ಕಲ್ಲು, ಆಂಜನೇಯನ ಗುಡಿಯ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲು, ಅಂತ ಇರುತ್ತದೆ. ಮದ್ರಾಸಿನ ಶಾಸನ ಇಲಾಖೆಯವರು ಪಡಿಯಚ್ಚು ತೆಗೆದ ದಿನ ಆ ಮನೆ ಅಲ್ಲಿತ್ತು, ಆ ಯಜಮಾನ ಬದುಕಿದ್ದ. ಈಗ ನಾವು ಹೋಗಿ ಆ ಹೆಸರು ಹೇಳಿದರೆ ಊರಲ್ಲಿ ಮೂರು ತಲೆಮಾರು ಹಿಂದಕ್ಕೆ ಎಣಿಸಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಹರಪನಹಳ್ಳಿ ತಾಲ್ಲೂಕಿನ ಒಂದು ಊರಿಗೆ ಹೀಗೇ ಹೋಗಿದ್ದೆ. ಊರಿನ ಹೆಸರು ಬೇಡ, ಯಾಕೆಂಬುದು ಮುಂದೆ ತಿಳಿಯುತ್ತದೆ. ಹುಡುಕುತ್ತಿದ್ದುದು ಕಲ್ಯಾಣದ ಚಾಲುಕ್ಯರ ಕಾಲದ ಒಂದು ದಾನಶಾಸನ. ವಿಳಾಸ: ಮನೆಯೊಂದರ ಮುಂದಿನ ಕಟ್ಟೆ. ಆ ಮನೆಯ ಜಾಗದಲ್ಲಿ ಹೊಸ ಆರ್‌ಸಿಸಿ ಮನೆ ಎದ್ದಿತ್ತು, ಬಾಗಿಲಿಗೆ ತೋರಣ ಇನ್ನೂ ಒಣಗಿರಲಿಲ್ಲ. ಎದುರು ಮನೆಯ ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಬರದ ಕಲ್ಲೇನಪ್ಪಾ? ನೀ ನಿಂತಿದೀ ನೋಡು, ಅದರ ಮ್ಯಾಲೇ" ಅಂದಳು. ನಿಜ. ಚರಂಡಿಗೆ ಅಡ್ಡ ಹಾಕಿದ ಚಪ್ಪಡಿಯ ಮೇಲೆ ನಿಂತಿದ್ದೆ. ಬೈಕ್ ಒಳಗೆ ಹೋಗಲಿ ಅಂತ ಹಾಕಿದ್ದು. ಮೇಲ್ತುದಿಯಲ್ಲಿ ಲಿಂಗ, ಆಕಳು, ಸೂರ್ಯಚಂದ್ರ. ಕೆಳಗೆ ಏಳೆಂಟು ಸಾಲು ಬೆರಳಿಗೆ ಸಿಗುತ್ತಿದ್ದವು. ಉಳಿದದ್ದು ಸಿಮೆಂಟಿನ ಅಡಿ.

ಮನೆಯವರು ಕೆಟ್ಟವರಲ್ಲ. "ಒಡೀಬಾರದು ಅಂತ ಹಿರ್‍ಯಾರು ಹೇಳ್ತಿದ್ರು ಸರ, ಅದ್ಕ ಒಡೀಲಿಲ್ಲ. ಕಟ್ಟಿ ಕಿತ್ವಿ, ಕಲ್ಲು ಎಲ್ಲಿಡೋದು? ಇಲ್ಲಿ ಹಾಕಿದ್ವಿ" ಅಂದರು. ಈ ಮಾತಲ್ಲಿ ಎಲ್ಲ ಇದೆ. ಕಲ್ಲಿನ ಬಗ್ಗೆ ಭಯಭಕ್ತಿ ಇತ್ತು. ಅದನ್ನು ಎಲ್ಲಿಡಬೇಕು ಎಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಶಾಸನ ಓದುವವರು ನಾವು ಅಕ್ಷರಕ್ಕೆ ಕೊಡುವ ಗಮನವನ್ನು ಜಾಗಕ್ಕೆ ಕೊಡುವುದಿಲ್ಲ. ಪಾಠ ಅಚ್ಚಾಗಿದೆ, ಪಡಿಯಚ್ಚು ಮೈಸೂರಿನಲ್ಲಿ ಭದ್ರವಾಗಿದೆ, ಇನ್ನು ಕಲ್ಲು ಹೋದರೆ ಹೋಯಿತು ಎಂದು ಒಳಗೊಳಗೇ ಅಂದುಕೊಳ್ಳುವವರೂ ಇದ್ದಾರೆ. ಆದರೆ ದಾನಶಾಸನ ಅಂದರೆ ಜಾಗದ ಪತ್ರ. ಈ ದೇವರಿಗೆ, ಈ ಕೇರಿಯ ಬಡಗಲು, ಆ ಕೆರೆಯ ಕೆಳಗೆ, ಇಂತಿಷ್ಟು ಮತ್ತರು ಕೆಯ್, ಇಷ್ಟು ಕಮ್ಮ ತೋಂಟ, ಇಷ್ಟು ಕೈ ಅಗಲದ ಮನೆಯ ನಿವೇಶನ, ಒಂದು ಗಾಣ. ಬಡಗಲು ಎಂದರೆ ಯಾವುದಕ್ಕೆ ಬಡಗಲು? ಕಲ್ಲು ನಿಂತ ಜಾಗ ಗೊತ್ತಿದ್ದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಕಲ್ಲು ಐವತ್ತು ಮಾರು ಸರಿದರೆ ಸಾವಿರ ವರ್ಷದ ಹಿಂದಿನ ಕೇರಿಯ ನಕ್ಷೆಯೇ ಸರಿದುಹೋಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಇಲ್ಲಿನ ಶಾಸನಗಳ ದೊಡ್ಡ ಭಾಗ ಅಚ್ಚಾದದ್ದು ದಕ್ಷಿಣ ಭಾರತದ ಶಾಸನಗಳ ಒಂಬತ್ತನೇ ಸಂಪುಟದಲ್ಲಿ, 1939ರಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ್ದು. ಆಗ ಇದೆಲ್ಲ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. 1953ರಲ್ಲಿ ಮೈಸೂರಿಗೆ ಬಂತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಐದೂ ಸೇರಿ ವಿಜಯನಗರ ಜಿಲ್ಲೆಯೊಳಗಾದವು. ಕೂಡ್ಲಿಗಿಯೊಳಗಿದ್ದ ಕೊಟ್ಟೂರು ಬೇರೆ ತಾಲ್ಲೂಕಾಯಿತು. ಹಳೆಯ ಸಂಪುಟದಲ್ಲಿ ಕೋಗಳಿಯನ್ನು ಹುಡುಕುವವರು ಹಡಗಲಿ ತಾಲ್ಲೂಕಿನಡಿ ನೋಡಬೇಕು, ಊರು ಈಗಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ತೈಲಪ ಚೋಳನ 150 ಆನೆ ಹಿಡಿದ ಸುದ್ದಿ ಹೇಳುವ 992ರ ಶಾಸನ, ಗಂಗ ದುರ್ವಿನೀತ ಇಲ್ಲಿ ಬಸದಿ ಕಟ್ಟಿಸಿದನೆಂದು ನೆನೆಯುವ 1055ರ ಶಾಸನ ಎರಡೂ ಕೋಗಳಿಯವೇ. ಇಷ್ಟು ದೊಡ್ಡ ಊರಿನ ತಾಲ್ಲೂಕೇ ಬದಲಾಗುತ್ತದೆ ಎಂದ ಮೇಲೆ ಒಂದು ಕಟ್ಟೆಯ ಮಾತೇನು. ತುಂಗಭದ್ರಾ ಜಲಾಶಯ ಬಂದಾಗಲಂತೂ ವಿಳಾಸಗಳೇ ನೀರೊಳಗೆ ಹೋದವು. ನಾರಾಯಣದೇವರಕೆರೆ ಮುಳುಗಿ, ಆ ಜನ ಮರಿಯಮ್ಮನಹಳ್ಳಿಯಲ್ಲಿ ಮನೆ ಕಟ್ಟಿಕೊಂಡರು.

ಜಾಗದ ನೆನಪು ಕಲ್ಲಿಲ್ಲದೆ ಹೇಗೆ ಹರಿಯುತ್ತದೆ ಎನ್ನುವುದಕ್ಕೆ ಹೂವಿನಹಡಗಲಿಯ ಹೆಸರೇ ಉದಾಹರಣೆ. ಇಲ್ಲಿಂದ ಹಂಪಿಯ ಅರಸರಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ, ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ವಿಜಯನಗರ ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷ ಮುಂಚೆ, ಆರನೇ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಹೆಂಡತಿ ರೆಬ್ಬಲದೇವಿ 1090ರಲ್ಲಿ ಇಲ್ಲಿ ಕೇಶವ ದೇವಾಲಯ ಕಟ್ಟಿಸಿದಾಗಲೇ ಊರಿಗೆ ಪೂವಿನ ಪೊಸವಡಂಗಿಲೆ ಎಂಬ ಹೆಸರಿತ್ತು. ಹೂವು ಮೊದಲೇ ಇತ್ತು, ಹಡಗು ಆಮೇಲೆ ಬಂತು.

ಮನೆಗಳ ಮಾತಿಗೆ ಬರೋಣ. ನಮ್ಮ ಕಡೆಯ ಹಳೆ ಮನೆ ಅಂದರೆ ಮಣ್ಣಿನ ಮಾಳಿಗೆ ಮನೆ. ಕಲ್ಲುಮಣ್ಣಿನ ಮೊಳದುದ್ದ ದಪ್ಪದ ಗೋಡೆ, ಕಂಬ, ಬೋದಿಗೆ, ತೊಲೆ, ಜಂತಿ, ಮೇಲೆ ಕರಲು ಮಣ್ಣು, ನಡುವೆ ಬೆಳಕಿಗೊಂದು ಗವಾಕ್ಷಿ. ಒಳಗೆ ಪಡಸಾಲೆ, ಹೊರಗೆ ಕಟ್ಟೆ, ಅಂಗಳದಲ್ಲಿ ಹಗೇವು. ಕಟ್ಟೋವಾಗ ಹತ್ತಿರದ ಬಿದ್ದ ಗುಡಿ, ಕೋಟೆ, ಹುಡೇವಿನ ಕಲ್ಲು ತಂದು ಹಾಕಿಕೊಂಡದ್ದೂ ಇದೆ. ಇದಕ್ಕೆ ಈಗಿನವರನ್ನು ಬೈದು ಪ್ರಯೋಜನವಿಲ್ಲ. ಪಾಳೆಗಾರರ ಕಾಲದ ಕೋಟೆಗೋಡೆಗಳಲ್ಲೂ ಅದಕ್ಕಿಂತ ಹಳೆಯ ಗುಡಿಗಳ ಕಲ್ಲು ಸಿಗುತ್ತವೆ, ಕೆರೆಯ ತೂಬಿನಲ್ಲಿ ವೀರಗಲ್ಲು ಸಿಗುತ್ತದೆ. ಒಂದು ರೀತಿಯಲ್ಲಿ ಗೋಡೆಯೇ ಕಲ್ಲನ್ನು ಕಾಪಾಡಿತು. ಬಿಸಿಲು, ಮಳೆ, ದನದ ಮೈ ತಿಕ್ಕಾಟ ಏನೂ ಇಲ್ಲದೆ ಅಕ್ಷರ ಮುಖ ಒಳಗಾಗಿ ಮಲಗಿದ ಕಲ್ಲು, ಗೋಡೆ ಬಿದ್ದ ದಿನ ನಿನ್ನೆ ಕೊರೆದ ಹಾಗೆ ಹೊರಬರುತ್ತದೆ. ಅದೇ ದಿನ ಸಂಜೆಯೊಳಗೆ ಜೆಸಿಬಿ ಮತ್ತು ಟ್ರ್ಯಾಕ್ಟರ್ ಸೇರಿ ಅದನ್ನು ಊರಾಚೆಯ ಹಳ್ಳಕ್ಕೆ ಮುಟ್ಟಿಸುತ್ತವೆ. ಸಾವಿರ ವರ್ಷ ಉಳಿದ ಕಲ್ಲಿಗೆ ಅಪಾಯ ಇರುವುದು ಈ ಒಂದು ದಿನ.

ಆ ದಿನ ಅಲ್ಲಿ ಯಾರಿರಬೇಕು?

ಹಳೆಯ ಕಾಲದಲ್ಲಿ ಯಾರಿರುತ್ತಿದ್ದರು ಎಂದು ಶಾಸನಗಳನ್ನೇ ಕೇಳಬಹುದು. ಹರಪನಹಳ್ಳಿಗೆ ಹತ್ತಿರದ ಬಾಗಳಿ ಆಗ ಬಾಳ್ಗುಳಿ ಎಂಬ ಅಗ್ರಹಾರ. ಇಲ್ಲಿನ ಕಲ್ಲೇಶ್ವರ ಗುಡಿಯ ಸುತ್ತ ಹತ್ತರಿಂದ ಹನ್ನೆರಡನೇ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ದುಗ್ಗಿಮಯ್ಯನ ಹೆಸರು ಬರುವ 987ರ ಸುಮಾರಿನ ಶಾಸನವೂ ಅದರಲ್ಲಿದೆ. ಇವುಗಳಲ್ಲಿ ಮತ್ತೆ ಮತ್ತೆ ಬರುವವರು ಊರಿನ ಐವತ್ತು ಮಹಾಜನರು. ದಾನ ಕೊಟ್ಟವನು ಯಾರೇ ಇರಲಿ, ಅದನ್ನು ನಡೆಸಿಕೊಂಡು ಹೋಗುವ ಹೊಣೆ ಇಂಥ ಸಭೆಗಳ ಮೇಲೆ, ಗುಡಿಯ ಸ್ಥಾನಾಚಾರ್ಯರ ಮೇಲೆ, ಗಾವುಂಡರ ಮೇಲೆ ಬರುತ್ತಿತ್ತು. ಕೊಡುವುದಕ್ಕಿಂತ ಕಾಪಾಡುವುದು ದೊಡ್ಡದು ಎಂಬ ಅರ್ಥದ ಶ್ಲೋಕವನ್ನು ಶಾಸನದ ಕೊನೆಗೆ ಕೆತ್ತಿಸುತ್ತಿದ್ದುದು ಇವರ ಕಣ್ಣಿಗೆ ಬೀಳಲಿ ಅಂತಲೇ. ಹಾಗಂತ ಮಹಾಜನರ ಸಭೆಯನ್ನು ಇವತ್ತಿನ ಗ್ರಾಮಸಭೆಯ ಅಜ್ಜ ಎಂದು ಹೊಗಳುವುದು ನನಗೆ ಸರಿಬರುವುದಿಲ್ಲ. ಅಲ್ಲಿ ಕೂತವರು ಭೂಮಿ ಇದ್ದ ಬ್ರಾಹ್ಮಣ ಗಂಡಸರು. ಗಾಣ ಆಡಿಸುವವರು, ಕಲ್ಲು ಕೆತ್ತಿದವರು ಆ ಐವತ್ತರಲ್ಲಿ ಸೇರುವವರಲ್ಲ. ಆದರೂ ಒಂದು ಕೆಲಸ ಅವರಿಂದ ಕಲಿಯುವಂಥದ್ದು. ರಿಪೇರಿಗೆ ಅಂತಲೇ ಆದಾಯ ತೆಗೆದಿಡುತ್ತಿದ್ದರು, ಅದನ್ನು ಬರೆದಿಡುತ್ತಿದ್ದರು.

ಅದಕ್ಕೆ ಅವರು ಬಳಸಿದ ಮಾತು ಖಂಡಸ್ಫುಟಿತ ಜೀರ್ಣೋದ್ಧಾರ. ಚಾಲುಕ್ಯರ ಕಾಲದ ದಾನಶಾಸನ ನಾಲ್ಕು ಓದಿದವರಿಗೂ ಇದು ಬಾಯಿಪಾಠ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ಸವೆದದ್ದು. ಮುರಿದದ್ದನ್ನು ಕೂಡಿಸು, ಬಿರುಕು ಮುಚ್ಚು, ಸವೆದದ್ದನ್ನು ಎತ್ತಿ ನಿಲ್ಲಿಸು. ಪೂರ್ತಿ ಕೆಡವಿ ಹೊಸದು ಕಟ್ಟು ಅನ್ನುವ ಅರ್ಥ ಈ ಮೂರು ಮಾತಿನಲ್ಲಿ ಎಲ್ಲೂ ಇಲ್ಲ. ಈಗ ಊರಲ್ಲಿ ಜೀರ್ಣೋದ್ಧಾರ ಸಮಿತಿ ಅಂತ ರಸೀದಿ ಪುಸ್ತಕ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಕಂಬಕ್ಕೆ ಎಣ್ಣೆಬಣ್ಣ, ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್. ಬಣ್ಣ ಹೋಗಲಿ ಅಂತ ಮಿಷನ್ ತಂದು ಮರಳು ಸಿಡಿಸಿದರೆ ಕಲ್ಲಿನ ಮೇಲ್ಪದರ ಎದ್ದು ಅಕ್ಷರ ತೆಳ್ಳಗಾಗುತ್ತದೆ. ಹಳ್ಳಿಯ ಗುಡಿಯಲ್ಲಿ ನಡೆಯುವುದೇ ಮನೆಯಲ್ಲೂ ನಡೆಯುತ್ತದೆ.

ಮನೆಯ ನೆಲ ಎಂಬುದು ಈ ಸೀಮೆಯ ದಾಖಲೆಗಳಲ್ಲಿ ಎಷ್ಟು ಹಳೆಯದು ಅಂದರೆ, ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳಲ್ಲೇ ಅದು ಬರುತ್ತದೆ. ನಾಲ್ಕನೇ ಶತಮಾನದ, ಪ್ರಾಕೃತ ಭಾಷೆಯ ಪಟಗಳು ಅವು, ಬ್ಯೂಲರ್ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲೇ ಪ್ರಕಟಿಸಿದ. ತೋಟದ ದಾನದ ಜೊತೆಗೆ ಕಣಕ್ಕೊಂದು ನಿವರ್ತನ, ಮನೆಗೊಂದು ನಿವರ್ತನ ನೆಲವೂ ಅದರಲ್ಲಿ ಸೇರಿದೆ. ನಿವೇಶನಕ್ಕೆ ಪತ್ರ ಮಾಡಿಸುವುದು ನಮಗೆ ಹೊಸದೇನಲ್ಲ.

ಈಗಿನ ಕಾನೂನು ಏನು ಹೇಳುತ್ತದೆ ನೋಡೋಣ. ಬಾಗಳಿ, ಕುರುವತ್ತಿ, ಹಿರೇಹಡಗಲಿಯಂಥ ಊರುಗಳ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಬಯಲಲ್ಲಿ ನಿಂತ ಗುಡಿಗಾದರೆ ಇದು ಸರಿ. ಊರ ನಡುವಿನ ಗುಡಿಗೆ 100 ಮೀಟರ್ ಅಂದರೆ ಇಡೀ ಕೇರಿ. ಹಾಗಂತ ಅಲ್ಲಿ ಏನೂ ಮಾಡುವಂತಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. 1992ರ ಜೂನ್ 16ಕ್ಕೆ ಮುಂಚೆ ಇದ್ದ ಮನೆಯ ದುರಸ್ತಿಗೆ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆದರೆ ಮಾಳಿಗೆ ಸೋರುವ ಮನೆಯವನಿಗೆ ಆ ಪ್ರಾಧಿಕಾರ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಅವನು ರಾತ್ರೋರಾತ್ರಿ ಗೋಡೆ ಕೆಡವುತ್ತಾನೆ. ಕಲ್ಲು ಸಿಕ್ಕರೆ ಮೊದಲು ಮುಚ್ಚುತ್ತಾನೆ.

ಈ ಹೆದರಿಕೆಗೆ ಹಂಪಿಯೂ ಕಾರಣ ಅಂತ ನನ್ನ ಅನಿಸಿಕೆ. 2011ರ ಜುಲೈ 29ರಂದು ಹಂಪಿ ಬಜಾರಿನ ಮನೆ ಅಂಗಡಿಗಳನ್ನು ಕೆಡವಿದರು. ಹಳೆಯ ಬಜಾರಿನ ಸಾಲುಮಂಟಪಗಳಲ್ಲಿ ಗೋಡೆ ಕಟ್ಟಿಕೊಂಡು ಬಾಳುತ್ತಿದ್ದ ಸಂಸಾರಗಳು ಒಂದು ಬೆಳಗ್ಗೆ ಹೊರಬಿದ್ದವು. ಮಂಟಪ ತೆರವಾಗಬೇಕಿತ್ತೋ ಇಲ್ಲವೋ, ಆ ವಾದ ಇಲ್ಲಿ ಬೇಡ. ಹಂಪಿಗೆ 2002ರ ಕಾಯ್ದೆಯ ಬಲದ ಒಂದು ನಿರ್ವಹಣಾ ಪ್ರಾಧಿಕಾರ ಇದೆ, ನಮ್ಮ ಐದು ತಾಲ್ಲೂಕಿಗೆ ಅದು ಬರುವುದಿಲ್ಲ. ಆದರೆ ಸುದ್ದಿಗೆ ಗಡಿ ಇಲ್ಲವಲ್ಲ. ಕಲ್ಲಿನ ಬಗ್ಗೆ ಬಾಯಿ ಬಿಟ್ಟರೆ ಮನೆ ಹೋಗುತ್ತದೆ ಅನ್ನುವ ಮಾತು ಊರೂರಲ್ಲಿದೆ. ಅದರ ಜೊತೆಗೆ ನಿಧಿಯ ಗುಮಾನಿ ಬೇರೆ. ಶಾಸನ ಓದುವವನು ಅಂದರೆ ನಿಧಿ ಲೆಕ್ಕ ಹಾಕುವವನು. ನಾನೂ ಎಷ್ಟೋ ಕಡೆ ಚಹಾ ಕುಡಿದು, ಪಡಿಯಚ್ಚಿನ ಕಾಗದ ಬಿಚ್ಚದೇ ವಾಪಸ್ ಬಂದಿದ್ದೇನೆ. ಮೇಲಿನ ಊರಿನ ಹೆಸರು ಹೇಳದ್ದು ಇದಕ್ಕೇ.

ವಾಸ್ತವ ಹಾಗಿಲ್ಲ. ಅಕ್ಷರದ ಕಲ್ಲು ಇದ್ದ ಮಾತ್ರಕ್ಕೆ ಯಾವ ಮನೆಯೂ ಸಂರಕ್ಷಿತ ಸ್ಮಾರಕ ಆಗುವುದಿಲ್ಲ. ಕೇಂದ್ರದ ಕಾಯ್ದೆಯಡಿ ಹಾಗೆ ಘೋಷಿಸಬೇಕಾದರೆ ಎರಡು ತಿಂಗಳ ನೋಟಿಸು ಕೊಡಬೇಕು, ಪ್ರತಿಯನ್ನು ಆ ಜಾಗದಲ್ಲೇ ಅಂಟಿಸಬೇಕು, ಆಕ್ಷೇಪಣೆ ಕೇಳಬೇಕು. ಇನ್ನು ಕಲ್ಲನ್ನು ಒಡೆಯುವ, ಮಾರುವ ಮಾತಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಶಾಸನವೂ ಪುರಾತನ ವಸ್ತುವೇ ಎಂದಿದೆ. ಇದನ್ನೆಲ್ಲ ಮನೆ ಯಜಮಾನನಿಗೆ ಅವನ ಭಾಷೆಯಲ್ಲಿ, ಗೋಡೆ ಬೀಳುವ ಮುಂಚೆ ಹೇಳುವ ಒಬ್ಬರು ಬೇಕು.

ಆ ಒಬ್ಬರು ಈಗಾಗಲೇ ಇದ್ದಾರೆ ಎನ್ನುವುದು ಈ ಬರಹದ ಮುಖ್ಯ ಮಾತು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹೊಸ ಮನೆ ಕಟ್ಟುವುದಕ್ಕಷ್ಟೇ ಅಲ್ಲ, ಇರುವ ಕಟ್ಟಡವನ್ನು ಬದಲಿಸುವುದಕ್ಕೆ, ವಿಸ್ತರಿಸುವುದಕ್ಕೆ, ಮತ್ತೆ ಕಟ್ಟುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಟ್ಟಣಗಳಲ್ಲಿ 1964ರ ಪುರಸಭೆ ಕಾಯ್ದೆಯ 187ನೇ ಪ್ರಕರಣ ಇದೇ ಕೆಲಸ ಮಾಡುತ್ತದೆ. ಅಂದರೆ ಹಳೆ ಗೋಡೆ ಬೀಳುವ ಮುಂಚೆ, ಕಾನೂನಿನ ಪ್ರಕಾರವಾದರೂ, ಒಂದು ಕಾಗದ ಪಂಚಾಯಿತಿಗೆ ಹೋಗಲೇಬೇಕು. ಬೆಂಗಳೂರಿನ ಯಾವ ಪುರಾತತ್ವ ಅಧಿಕಾರಿಗೂ ಇಲ್ಲದ ಸೌಲಭ್ಯ ಇದು. ಇ-ಸ್ವತ್ತಿನ ನಮೂನೆ 9, ನಮೂನೆ 11 ಅಂತ ಆಸ್ತಿಗೆ ಚಕ್ಕುಬಂದಿ, ಅಳತೆ ಎಲ್ಲ ದಾಖಲಾಗುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ಚಾಲುಕ್ಯರ ಸೇನಬೋವ ಬರೆಯುತ್ತಿದ್ದ ಮೂಡಲು, ಪಡುವಲಿಗೂ ಇದಕ್ಕೂ ಏನು ವ್ಯತ್ಯಾಸ?

ಚರಂಡಿ ಕಲ್ಲಿನ ಆ ಊರಿನ ಪಂಚಾಯಿತಿಗೂ ಹೋಗಿದ್ದೆ. ಅಭಿವೃದ್ಧಿ ಅಧಿಕಾರಿ ಓದಿಕೊಂಡವರು, ಕೇಳಿ ಬೇಜಾರು ಮಾಡಿಕೊಂಡರು. "ಅನುಮತಿ ನಾವೇ ಕೊಟ್ಟಿದ್ದು ಸರ್. ಆದರ ನಮ್ ಫಾರ್ಮಿನ್ಯಾಗ ಕಲ್ಲಿನ ಕಾಲಂ ಇಲ್ಲ" ಅಂದರು. ಅದು ನೆಪ ಅನ್ನಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಬಿಲ್ ಕಲೆಕ್ಟರ್ ಮಾತ್ರ ಊರಲ್ಲಿ ಇನ್ನೂ ನಾಲ್ಕು ಕಡೆ ಬರೆದ ಕಲ್ಲು ಇರುವುದನ್ನು ಮನೆ ಲೆಕ್ಕದಲ್ಲಿ ಹೇಳಿಬಿಟ್ಟ. ಎರಡು ಯಾವ ಸಂಪುಟದಲ್ಲೂ ಇಲ್ಲದವು. ಮನೆಗಂದಾಯಕ್ಕೆ ಹಿತ್ತಲವರೆಗೂ ಓಡಾಡುವವನು ಅವನು, ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ.

ಹಾಗಾಗಿ ಕೇಳುತ್ತಿರುವುದು ದೊಡ್ಡದೇನಲ್ಲ. ಅನುಮತಿ ಅರ್ಜಿಯಲ್ಲಿ ಒಂದು ಸಾಲು: ಈ ಜಾಗದಲ್ಲಿ ಅಕ್ಷರದ ಕಲ್ಲು, ವೀರಗಲ್ಲು, ಮಾಸ್ತಿಗಲ್ಲು, ಕೆತ್ತನೆಯ ಕಂಬ ಇದೆಯೇ? ಇದ್ದರೆ ಒಂದು ಫೋಟೊ. ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿ ಪುಸ್ತಕ ಇಡುವ ಪದ್ಧತಿ ಇದೆಯಲ್ಲ, ಅದೇ ಮಾದರಿಯಲ್ಲಿ ಕಲ್ಲುಗಳದ್ದೊಂದು ಪುಸ್ತಕ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕೊನೆಯದು ಸಮುದಾಯದ ಆಸ್ತಿಗಳ ನಿರ್ವಹಣೆ. ಶಾಸನ ಅದರಲ್ಲಿ ಬರುವುದಿಲ್ಲ ಎಂದು ಯಾರೂ ಹೇಳಲಾರರು.

ಜನ ಮುಂದೆ ಬರುವುದಿಲ್ಲ ಅನ್ನುವವರಿಗೆ ಬೆಂಗಳೂರಿನ ಹೆಬ್ಬಾಳ ತೋರಿಸುತ್ತೇನೆ. ಅಲ್ಲಿ 2018ರಲ್ಲಿ ರಸ್ತೆ ಬದಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು, ಎಂಟನೇ ಶತಮಾನದ್ದು. ಶಾಸನಾಸಕ್ತರು ಓದಿ ಹೇಳಿದ ಮೇಲೆ ಆ ಬಡಾವಣೆಯ ಜನ ಅದಕ್ಕೊಂದು ಮಂಟಪ ಮಾಡಿದರು. ಕೊಟ್ಟೂರಿನಲ್ಲಿ ಗಚ್ಚಿನ ಮಠ ಅಂತ ಒಂದಿದೆ. ಗಚ್ಚು, ಅಂದರೆ ಸುಣ್ಣದ ಗಾರೆ, ಹೆಸರಿನಲ್ಲೇ ಉಳಿದಿದೆ. ಕಟ್ಟಡದ ಸಾಮಾನನ್ನೇ ಹೆಸರಾಗಿಟ್ಟುಕೊಂಡ ಜನಕ್ಕೆ ಇದು ತಿಳಿಯದ ಸಂಗತಿ ಅಂತ ನನಗನ್ನಿಸುವುದಿಲ್ಲ.

ಚರಂಡಿ ಮೇಲಿನ ಕಲ್ಲು ಈಗ ಅಲ್ಲಿಲ್ಲ. ಹೋದ ಶ್ರಾವಣದಲ್ಲಿ ಮನೆಯವರೇ ಫೋನ್ ಮಾಡಿ, ಕಡಪ ಕಲ್ಲು ತಂದೀವಿ, ಇದನ್ನ ಎತ್ತೋಣ ಬರ್‍ರಿ ಅಂದರು. ಉಳಿ ಹಿಡಿದು ಸಿಮೆಂಟು ಬಿಡಿಸುವುದಕ್ಕೆ ಒಂದು ದಿನ ಹಿಡಿಯಿತು. ಕೆಳಗಿನ ಮೂರು ಸಾಲು ಉಳಿಯಲಿಲ್ಲ, ಅವಕ್ಕೆ ಅಚ್ಚಾದ ಪಾಠವೇ ಗತಿ. ಹಳೆ ಕಟ್ಟೆ ಇದ್ದ ಜಾಗದಲ್ಲೇ, ಕಾಂಪೌಂಡಿನ ಒಳಗೆ, ಗೇಟಿನ ಬಲಕ್ಕೆ ನಿಲ್ಲಿಸಿದ್ದೇವೆ. ಮುಖ ಮೂಡಲಿಗೆ, ಹಿಂದೆ ನೀರಿನ ತೊಟ್ಟಿ. ಪಂಚಾಯಿತಿಯ ಆ ಮನೆಯ ಕಡತದಲ್ಲಿ ಫೋಟೊ ಸೇರಿದೆ. ನೋಡಹೋಗುವವರು ಸಂಪುಟದಲ್ಲಿರುವ ಯಜಮಾನನ ಹೆಸರು ಹೇಳಬೇಡಿ, ಅಜ್ಜಿಯ ಎದುರು ಮನೆ ಅಂತ ಕೇಳಿ.